ಶುಕೂರಾಕನ ಮನೆಯ ಕನ್ನಡ

ಬಿ.ಸಿ.ರೋಡಿನಲ್ಲಿ ಪಾತ್ರೆ ಅಂಗಡಿ ಇಟ್ಟಿರುವ ಅಬ್ದುಲ್ ಶುಕೂರ್ ಅವರನ್ನು ಎಲ್ಲರೂ ಶುಕೂರಾಕ ಎಂದೇ ಕರೆಯುವುದು. ಅವರಷ್ಟು ಸಂಶಯದ ಮನುಷ್ಯನನ್ನು ನಾನು ನನ್ನ ಜನ್ಮದಲ್ಲಿ ಕಂಡಿಲ್ಲ. ಅಂಗಡಿಗೆ ಬೀಗ ಹಾಕಿದರೆ ಜಗ್ಗಿ ನೋಡಬೇಕು, ಬಸ್‌ಸ್ಟ್ಯಾಂಡಿನವರೆಗೆ ಹೋಗಿ ವಾಪಸು ಬಂದು ಮತ್ತೆ ಜಗ್ಗಬೇಕು. ಹಾಲಿನವ ನೀರು ಹಾಕುತ್ತಾನೆಂದು ಸಂಶಯ, ಕಂಡಕ್ಟರ್ ಹರಿದ ನೋಟು ದಾಟಿಸುತ್ತಾನೆಂದು ಸಂಶಯ. ನಾನು ಅವರಿಗೊಂದು ಕೊಡೆ ಹೊಲಿದು ಕೊಟ್ಟರೆ ಮಳೆ ಬರುವವರೆಗೆ ಕಾಯದೆ ನಳ್ಳಿಯಡಿ ಹಿಡಿದು ನೋಡಿದ ಪುಣ್ಯಾತ್ಮ ಅವರು.

ನಾನು ಕಮಲಾಕ್ಷ, ಅವರ ಪಕ್ಕದ ಅಂಗಡಿಯವ. ಕೊಡೆ, ಬ್ಯಾಗು ರಿಪೇರಿ ಮಾಡುವುದು. ನನಗೆ ಮೂಗಿನ ತುದಿಯಲ್ಲಿ ಕೋಪ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಇಂಥವರ ಪಕ್ಕದಲ್ಲಿ ಇಷ್ಟು ವರ್ಷ ಕೂತವನಿಗೆ ಕೋಪ ಬಾರದೆ ಇನ್ನೇನು ಬರಬೇಕು? ಸಾಲದ್ದಕ್ಕೆ ಪಾಣೆಮಂಗಳೂರಿನಲ್ಲಿ ನಮ್ಮ ಮನೆಗಳೂ ಅಕ್ಕಪಕ್ಕ. ನಡುವೆ ಇರುವುದು ಒಂದು ಕೆಂಪುಕಲ್ಲಿನ ಗೋಡೆ, ಅದೂ ಎದೆಮಟ್ಟ. ಆ ಮನೆಯಲ್ಲಿ ಒಗ್ಗರಣೆ ಹಾಕಿದರೆ ಸೀನುವುದು ನಾವು.

ಶುಕೂರಾಕನ ಹೆಂಡತಿ ಝೈನಬಕ್ಕ. ಮಗಳು ಫರ್ಹಾನ, ಮೆಡಿಕಲ್ ಶಾಪಿನಲ್ಲಿ ಕೆಲಸ. ಅಳಿಯ ನಿಝಾರ್ ಸೌದಿಯ ದಮ್ಮಾಮಿನಲ್ಲಿ. ಮಗಳ ಮಗಳು ಉಝ್ಮಾ, ಈಗ ನಾಲ್ಕು ದಾಟಿದ ಹುಡುಗಿ. ಫರ್ಹಾನ ಬೆಳಿಗ್ಗೆ ಹೊರಟರೆ ಬರುವುದು ಸಂಜೆ. ಅಷ್ಟೂ ಹೊತ್ತು ಮಗು ಅಜ್ಜಿಯ ಕೈಯಲ್ಲಿ. ಅವರ ಮನೆಮಾತು ಬ್ಯಾರಿ, ನಮ್ಮ ಕರಾವಳಿಯ ಮುಸ್ಲಿಮರ ಭಾಷೆ. ನಮ್ಮ ಹತ್ತಿರ ಅವರು ತುಳು ಮಾತಾಡುತ್ತಾರೆ; ಶುಕೂರಾಕ ನನಗೆ ಹೇಳಿದ್ದೆಲ್ಲ ತುಳುವಿನಲ್ಲೇ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ ಅಷ್ಟೆ. ಝೈನಬಕ್ಕನಿಗೆ ಕನ್ನಡ ಬೇಕಾಗುತ್ತಿದ್ದದ್ದು ರೇಶನ್ ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ. ಅಲ್ಲಿ ಮಾತ್ರ ಒಂದೊಂದೇ ಶಬ್ದ ಹುಡುಕಿ, ಪುಸ್ತಕ ಓದಿದ ಹಾಗೆ ಮಾತಾಡುತ್ತಿದ್ದರು.

ಉಝ್ಮಾಳನ್ನು ಮೊದಲೆಲ್ಲ ಅಂಗಡಿಗೆ ಕರೆತರುತ್ತಿದ್ದರು. ಒಂದು ಸ್ಟೀಲಿನ ಮುಚ್ಚಳ ಕೊಟ್ಟರೆ ಸಾಕು, ಅದನ್ನು ನೆಲದ ಮೇಲೆ ಬುಗುರಿಯಂತೆ ತಿರುಗಿಸುತ್ತ ಕೂತುಬಿಡುತ್ತಿದ್ದಳು. ಅದು ನಿಂತರೆ ಮತ್ತೆ ತಿರುಗಿಸುವುದು. "ನೋಡು, ವ್ಯಾಪಾರಿಯ ಮೊಮ್ಮಗಳು," ಎಂದು ಶುಕೂರಾಕ ಹಿಗ್ಗುತ್ತಿದ್ದರು. ಆದರೆ ಹೆಸರು ಹಿಡಿದು ಕರೆದರೆ ಅವಳು ತಿರುಗುತ್ತಿರಲಿಲ್ಲ. ಕಣ್ಣಿಗೆ ಕಣ್ಣು ಕೊಡುತ್ತಿರಲಿಲ್ಲ. ಕಿವಿ ಕೇಳುವುದಿಲ್ಲವೋ ಏನೋ ಎಂದು ಪರೀಕ್ಷೆ ಮಾಡಿಸಿದರು, ಸರಿ ಇದೆ ಎಂದು ಬಂತು. ಶುಕೂರಾಕ ಮೆಷಿನನ್ನು ನಂಬುತ್ತಾರಾ? ಅಂಗಡಿಯಲ್ಲಿ ಅವಳ ಬೆನ್ನ ಹಿಂದೆ ನಿಂತು ಬಿಸ್ಕಿಟಿನ ಪೊಟ್ಟಣ ಬಿಚ್ಚಿದರು. ಅಷ್ಟು ಸಣ್ಣ ಸದ್ದಿಗೆ ಮಗು ಓಡಿ ಬಂತು. ಅವತ್ತು ಅವರ ಮುಖದಲ್ಲಿ ಮೊದಲ ಸಲ ಹೆದರಿಕೆ ಕಂಡೆ.

ಮಂಗಳೂರಿನಲ್ಲಿ ಮಕ್ಕಳ ಬೆಳವಣಿಗೆ ನೋಡುವ ಡಾಕ್ಟರು ಆಟಿಸಂ ಎಂದರು. "ಎಷ್ಟು ತಿಂಗಳಲ್ಲಿ ಗುಣ ಆಗ್ತದೆ?" ಎಂದು ಇವರು ಕೇಳಿದ್ದಾರೆ. ಗುಣ ಮಾಡಲಿಕ್ಕೆ ಇದು ಜ್ವರ ಅಲ್ಲ, ಅವಳ ಮಿದುಳು ಬೆಳೆದ ರೀತಿಯೇ ಬೇರೆ. ಅವಳಿಗೆ ಹೇಗೆ ಸುಲಭವೋ ಹಾಗೆ ಕಲಿಸಬೇಕು, ಮನೆಯವರೂ ಕಲಿಯಬೇಕು ಎಂದು ಡಾಕ್ಟರು ಹೇಳಿದರಂತೆ.

"ಈ ಡಾಕ್ಟರು ಗ್ಯಾರಂಟಿ ಕೊಡ್ಲಿಲ್ಲ ಮಾರಾಯ," ಎಂದರು ಶುಕೂರಾಕ. "ಹಾಗಾಗಿ ಸತ್ಯ ಹೇಳಿರಬೇಕು."

ಆ ಸಂಶಯ ಬುದ್ಧಿಯಿಂದ ಒಂದು ಉಪಕಾರವೂ ಆಯಿತೆಂದು ಹೇಳಲೇಬೇಕು. ಬೆಳ್ತಂಗಡಿ ಕಡೆ ಒಬ್ಬ ಬರುತ್ತಾನೆ, ಎಣ್ಣೆ ಮತ್ತು ಪುಡಿ ಕೊಡುತ್ತಾನೆ, ಆರು ತಿಂಗಳಲ್ಲಿ ಮಗು ಪಟಪಟ ಮಾತಾಡುತ್ತದೆ ಎಂದು ನೆಂಟರೊಬ್ಬರು ತಲೆ ತಿಂದರು. ಫರ್ಹಾನ ಕಣ್ಣೀರು ಹಾಕಿದಳೆಂದು ಶುಕೂರಾಕ ಹೋದರು. ನನ್ನನ್ನೂ ಎಳೆದುಕೊಂಡು ಹೋದರು. ಎಲ್ಲಿಗೆ ಹೋದರೂ ಅವರಿಗೆ ಒಬ್ಬ ಸಾಕ್ಷಿ ಬೇಕು. ಗೋಡೆ ತುಂಬ ನಗುವ ಮಕ್ಕಳ ಫೋಟೋ. ಶುಕೂರಾಕ ಒಂದೊಂದೇ ಫೋಟೋದ ಮುಂದೆ ನಿಂತು, "ಇವನ ಮನೆ ಎಲ್ಲಿ? ಇವಳ ಅಪ್ಪನ ನಂಬರ್ ಕೊಡಿ, ನಾನು ಈಗಲೇ ಮಾತಾಡ್ತೇನೆ," ಎಂದರು. ಆ ಮನುಷ್ಯ ಬೆವರಿದ. ಕೊನೆಗೆ ನಮ್ಮನ್ನೇ ಗದರಿಸಿ ಹೊರಗೆ ಹಾಕಿದ. ವಾಪಸು ಬರುವಾಗ ಬಸ್ಸಿನಲ್ಲಿ ಶುಕೂರಾಕ ಗೆದ್ದು ಬಂದವರ ಹಾಗೆ ಕೂತಿದ್ದರು. "ದುಡ್ಡು ಕೇಳುವವನನ್ನು ನಂಬಬಾರದು ಕಮಲಾಕ್ಷ. ಅಷ್ಟೇ ಲೆಕ್ಕ."

ಆ ಲೆಕ್ಕವೇ ಅವರನ್ನು ಹಾಳು ಮಾಡಿತು. ಯಾಕೆಂದರೆ ಮುಂದಿನ ವಾರ ಮೊಬೈಲಿಗೆ ಒಂದು ವೀಡಿಯೊ ಬಂತು. ಯಾರೋ ಕನ್ನಡಕದ ಮನುಷ್ಯ ಮಾತಾಡುತ್ತಾನೆ. ಇಂಥ ಮಕ್ಕಳಿಗೆ ಹಲವು ಭಾಷೆ ಕೇಳಿಸಿದರೆ ತಲೆ ಗೊಂದಲವಾಗುತ್ತದೆ, ಮನೆಯಲ್ಲಿ ಎಲ್ಲರೂ ಒಂದೇ ಭಾಷೆ ಮಾತಾಡಬೇಕು, ಶಾಲೆಯ ಭಾಷೆ. ಅವನು ದುಡ್ಡು ಕೇಳಲಿಲ್ಲ, ವಿಳಾಸ ಹೇಳಲಿಲ್ಲ, ಏನನ್ನೂ ಮಾರಲಿಲ್ಲ. ಜನ್ಮದಲ್ಲಿ ಯಾರನ್ನೂ ನಂಬದ ಶುಕೂರಾಕ ಹೆಸರೂ ಗೊತ್ತಿಲ್ಲದ ಆ ಮನುಷ್ಯನನ್ನು ನಂಬಿಬಿಟ್ಟರು.

"ಲೆಕ್ಕ ಹಾಕಿ ನೋಡು," ಎಂದರು ನನಗೆ. "ಮನೆಯೊಳಗೆ ಬ್ಯಾರಿ. ಗೋಡೆಯ ಆಚೆ ನಿಮ್ಮ ತುಳು. ಟಿ.ವಿ.ಯಲ್ಲಿ ಹಿಂದಿ ಕಾರ್ಟೂನ್. ನಾಳೆ ಮದ್ರಸಕ್ಕೆ ಹೋದರೆ ಅರಬಿ, ಶಾಲೆಗೆ ಹೋದರೆ ಕನ್ನಡ, ಇಂಗ್ಲಿಷು. ಆ ಮಗುವಿನ ತಲೆ ಎಂತ ಆಗಬೇಕು?"

"ನಮ್ಮ ಊರಿನ ಎಲ್ಲ ಮಕ್ಕಳ ತಲೆಯೂ ಹಾಗೇ ಇರುವುದಲ್ವಾ?" ಎಂದೆ ನಾನು. ಕಿವಿ ಮೇಲೆ ಹಾಕಿಕೊಳ್ಳಲಿಲ್ಲ.

ಮರುದಿನದಿಂದ ಆ ಮನೆಯಲ್ಲಿ ಕನ್ನಡ ಮಾತ್ರ. ಗೋಡೆಯ ಈಚೆ ನಿಂತು ಕೇಳಿದ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಉಝ್ಮಾ, ಇಲ್ಲಿ ಬಾ. ನೀರು ಕುಡಿ. ಇದು ಬಾಳೆಹಣ್ಣು," ಎಂದು ಶುಕೂರಾಕ ಒಂದೊಂದೇ ಅಕ್ಷರ ಒತ್ತಿ ಹೇಳುತ್ತಿದ್ದರು. ಫರ್ಹಾನ ಶಾಲೆ ಓದಿದವಳು, ಹೇಗೋ ನಿಭಾಯಿಸಿದಳು. ಝೈನಬಕ್ಕ ಎರಡು ದಿನ ಪ್ರಯತ್ನ ಮಾಡಿದರು. ಶಬ್ದ ಸಿಗದೆ ತಡವರಿಸಿದರು. ಬಾಯಿ ತಪ್ಪಿ ಒಂದು ಬ್ಯಾರಿ ಮಾತು ಬಂದರೆ ಒಳಗಿನಿಂದ ಗಂಡನ ಗದರಿಕೆ. ಮೂರನೆಯ ದಿನ ಅವರು ಮಾತಾಡುವುದನ್ನೇ ಬಿಟ್ಟರು.

ಆ ಮೌನದ ಬೆಲೆ ಏನೆಂದು ಹೇಳಬೇಕಾದರೆ ಮೊದಲಿನ ಝೈನಬಕ್ಕನ ವಿಷಯ ಹೇಳಬೇಕು. ಅವರು ಮಗುವಿನ ಹತ್ತಿರ ದಿನವಿಡೀ ಮಾತಾಡುತ್ತಿದ್ದರು. ಮೀನು ಕೊಯ್ಯುವಾಗ ಮೀನಿನ ವಿಷಯ, ಬಟ್ಟೆ ಒಣಗಿಸುವಾಗ ಬಿಸಿಲಿನ ವಿಷಯ, ನನ್ನ ಹೆಂಡತಿಯ ಮೇಲಿನ ದೂರು, ಎಲ್ಲವೂ ಆ ಮಗುವಿಗೆ ವರದಿ. ಉಝ್ಮಾ ಮುಖ ನೋಡುತ್ತಿರಲಿಲ್ಲ, ಆದರೆ ಅಜ್ಜಿಯ ಮಡಿಲಿಗೆ ಬೆನ್ನು ಒತ್ತಿ ಕೂತು, ಕೈ ಹಿಂದಕ್ಕೆ ಚಾಚಿ ಅಜ್ಜಿಯ ಗಂಟಲ ಮೇಲೆ ಅಂಗೈ ಇಟ್ಟುಕೊಳ್ಳುತ್ತಿದ್ದಳು. ಗಂಟಲು ಗುಂಯ್‌ಗುಟ್ಟುವುದು ಅಂಗೈಗೆ ತಾಗಬೇಕು. ಸ್ನಾನ ಮಾಡಿಸುವಾಗ ಅಜ್ಜಿ ಹೇಳುವ ಒಂದು ಬ್ಯಾರಿ ಹಾಡಿನ ಕೊನೆಯ ಶಬ್ದವನ್ನು ತಾನೂ ಹೇಳುತ್ತಿದ್ದಳು. ಆ ಮಗುವಿಗೆ ಇದ್ದ ಮಾತೆಂದರೆ ಅಷ್ಟೇ, ಅದನ್ನು ಗೋಡೆಯ ಈಚೆಯಿಂದ ನಾವೂ ಕೇಳಿದ್ದೇವೆ.

ಕನ್ನಡ ಬಂದ ಮೇಲೆ ಆ ಒಂದು ಶಬ್ದವೂ ಹೋಯಿತು. ಅದರ ಬದಲು ಕಿರುಚಾಟ ಶುರುವಾಯಿತು. ಮತ್ತೆ ಸ್ವಲ್ಪ ದಿನಕ್ಕೆ ಮಗು ತನ್ನ ಮಣಿಕಟ್ಟನ್ನು ತಾನೇ ಕಚ್ಚಿಕೊಳ್ಳತೊಡಗಿತು. ಎಳೆಯ ಕೈ, ಹಲ್ಲಿನ ಗುರುತು ಕೆಂಪಾಗಿ ಮೂಡಿ, ಹುಣ್ಣಾಗಿ, ಅದರ ಮೇಲೆಯೇ ಮತ್ತೆ ಕಚ್ಚುವುದು. ಇದು ಯಾಕೆ ಎಂದು ತಿಳಿಯದೆ ಶುಕೂರಾಕ ಸಿಕ್ಕಿದ್ದರ ಮೇಲೆಲ್ಲ ಸಂಶಯಪಟ್ಟರು. ಹೊಟ್ಟೆಯಲ್ಲಿ ಹುಳವೇ? ಹಾಲಿನಲ್ಲಿ ಏನಾದರೂ ಬೆರೆತಿದೆಯೇ? ನೆಂಟರ ಕಣ್ಣು ತಾಗಿತೇ? ನನ್ನ ಹೊಲಿಗೆ ಮೆಷಿನಿನ ಸದ್ದಿನ ಮೇಲೂ ಒಂದು ದಿನ ಸಂಶಯ ಬಂತು.

ಮೂಡುಬಿದಿರೆಯಲ್ಲಿ ಸ್ಪೀಚ್ ಥೆರಪಿ ಕೊಡುವ ಶುಭಶ್ರೀ ಎಂಬ ಹುಡುಗಿಯ ಹತ್ತಿರ ಮಗುವನ್ನು ವಾರಕ್ಕೊಮ್ಮೆ ಕರೆದುಕೊಂಡು ಹೋಗುತ್ತಿದ್ದರು. ನಾರಾವಿ ಕಡೆಯವಳು, ತಾಳ್ಮೆಯವಳು. ನೀರು, ಅನ್ನ, ಉಯ್ಯಾಲೆ ಎಂದು ಚಿತ್ರದ ಕಾರ್ಡುಗಳನ್ನು ಮಾಡಿ, ಬೇಕಾದ್ದನ್ನು ಕಾರ್ಡು ಕೊಟ್ಟು ಕೇಳಲು ಕಲಿಸುತ್ತಿದ್ದಳು. ಶುಕೂರಾಕನಿಗೆ ಅದರ ಮೇಲೂ ಅನುಮಾನ. ಕಾರ್ಡು ಕೊಟ್ಟರೆ ಕೆಲಸ ಆಗುವುದಾದರೆ ಮಗು ಮಾತಾಡುವ ಕಷ್ಟ ಯಾಕೆ ತೆಗೆದುಕೊಳ್ಳುತ್ತದೆ ಎಂದು. ಹಾಗೆ ಆಗುವುದಿಲ್ಲ, ಕೇಳುವ ಅಭ್ಯಾಸ ಬಂದರೆ ಮಾತಿಗೂ ಸಹಾಯ ಎಂದು ಅವಳು ಎಷ್ಟು ಸಲ ಹೇಳಿದಳೋ. ಕಚ್ಚಿಕೊಳ್ಳುವುದು ಹೆಚ್ಚಾದ ವಾರ ಝೈನಬಕ್ಕ, ಶುಕೂರಾಕ ಇಬ್ಬರೂ ಹೊರಟರು. ಸಾಕ್ಷಿಗೆ ನಾನು. ಸಿದ್ಧಕಟ್ಟೆ ದಾರಿಯ ಬಸ್ಸಿನಲ್ಲಿ ಮಗು ಕಿಟಕಿಯ ಸರಳಿಗೆ ಹಣೆ ಒತ್ತಿ ಕೂತಿತ್ತು. ಝೈನಬಕ್ಕ ತುಟಿ ಬಿಚ್ಚಲಿಲ್ಲ.

ಶುಭಶ್ರೀ ಮಗುವಿನ ಕೈ ನೋಡಿದವಳೇ ಕೇಳಿದಳು. "ಇದು ಯಾವಾಗಿನಿಂದ? ಮನೆಯಲ್ಲಿ ಎಂತಾದ್ರೂ ಬದಲಾಗಿದೆಯಾ?"

"ಒಳ್ಳೆಯದೇ ಬದಲಾಗಿದೆ ಮೇಡಂ," ಎಂದರು ಶುಕೂರಾಕ, ಎದೆ ಉಬ್ಬಿಸಿ. "ಈಗ ಕನ್ನಡ ಬಿಟ್ಟು ಬೇರೆ ಭಾಷೆ ಇಲ್ಲ."

ಹುಡುಗಿಯ ಮುಖ ಸಣ್ಣಗಾಯಿತು. "ಯಾರು ಹಾಗೆ ಹೇಳಿದ್ದು ಸಾಹೇಬ್ರೇ? ಹಲವು ಭಾಷೆಯಿಂದ ಆಟಿಸಂ ಮಕ್ಕಳಿಗೆ ಗೊಂದಲ ಆಗ್ತದೆ ಅಂತ ಮೊದಲೆಲ್ಲ ಕೆಲವರು ಹೇಳ್ತಿದ್ರು. ಹಾಗೇನೂ ಇಲ್ಲ ಅಂತ ಈಗ ಗೊತ್ತುಂಟು. ನಿಮ್ಮ ಮನೆಭಾಷೆಯಲ್ಲೇ ಮಾತಾಡಿ. ಅಜ್ಜಿ ಮಾತಾಡ್ಲಿ, ಎಷ್ಟು ಬೇಕಾದ್ರೂ ಮಾತಾಡ್ಲಿ. ಮಗುವಿಗೆ ಅದು ಬೇಕು."

ಝೈನಬಕ್ಕ ತಟ್ಟನೆ ತಲೆ ಎತ್ತಿ ನೋಡಿದರು. ಆ ನೋಟವನ್ನು ನಾನು ಕಂಡೆ. ದುರದೃಷ್ಟಕ್ಕೆ ಶುಕೂರಾಕನೂ ಕಂಡರು.

ಹೊರಗೆ ಬಂದು ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದರು. "ನೋಡಿದೆಯಾ? ಝೈನಬ ಮೊದಲೇ ಫೋನ್ ಮಾಡಿ ಹೇಳಿಕೊಟ್ಟಿದ್ದಾಳೆ. ಅಜ್ಜಿ ಮಾತಾಡ್ಲಿ ಅಂತೆ! ಆ ಹುಡುಗಿಗೆ ಇದೆಲ್ಲ ಹೇಗೆ ಗೊತ್ತು?"

"ಗೊತ್ತಿರುವುದು ಅವಳ ಕೆಲಸ ಮಾರಾಯ್ರೇ! ಅದನ್ನೇ ಕಲಿತು ಬಂದದ್ದು ಅವಳು!"

"ಅದಲ್ಲ. ಝೈನಬ ನಾನಿಲ್ಲದಾಗ ಕದ್ದು ಬ್ಯಾರಿ ಮಾತಾಡ್ತಾಳೆ. ಹಾಗಾಗಿಯೇ ಮಗುವಿಗೆ ಗೊಂದಲ. ಹಾಗಾಗಿಯೇ ಕಚ್ಚಿಕೊಳ್ಳುವುದು. ಈಗ ನನಗೆ ಎಲ್ಲ ಅರ್ಥ ಆಯ್ತು."

ನನ್ನ ಪಿತ್ತ ನೆತ್ತಿಗೇರಿತು. ಅಂಗಡಿ ಬೀಗದ ಮೇಲೆ ಸಂಶಯಪಡುವುದು ಬೇರೆ, ಮೂವತ್ತು ವರ್ಷ ಅನ್ನ ಬಡಿಸಿದ ಹೆಂಗಸಿನ ಮೇಲೆ ಸಂಶಯಪಡುವುದು ಬೇರೆ. ನಿಮಗೆ ನಾಚಿಕೆ ಆಗಬೇಕು ಎಂದು ರಸ್ತೆಯಲ್ಲೇ ಬೈದೆ. ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂತೆ. ಅವರಿಗೆ ನನ್ನ ಮೇಲೂ ಅನುಮಾನ ಬಂದಿರಬೇಕು, ಝೈನಬ ಇವನನ್ನೂ ತನ್ನ ಕಡೆ ಮಾಡಿಕೊಂಡಿದ್ದಾಳೆ ಎಂದು.

ಮರುದಿನ ನಡುಕೋಣೆಯ ಕಪಾಟಿನ ಮೇಲೆ ಒಂದು ಕ್ಯಾಮೆರಾ ಬಂತು. ಈಗ ಬಿ.ಸಿ.ರೋಡಿನಲ್ಲಿ ಎಲ್ಲ ಅಂಗಡಿಯಲ್ಲೂ ಸಿಗುವಂಥದ್ದೇ. ಮೊಬೈಲಿನಲ್ಲಿ ಚಿತ್ರ ಕಾಣುತ್ತದೆ, ಮಾತು ಕೇಳುತ್ತದೆ, ಬೇಕಾದರೆ ಇಲ್ಲಿಂದ ಮಾತಾಡಿದರೆ ಅಲ್ಲಿ ಕೇಳುತ್ತದೆ. ಮನೆಯಲ್ಲಿ ಕಳ್ಳರ ಭಯಕ್ಕೆ ಎಂದು ಹೇಳಿದರಂತೆ. ಹಾಡುಹಗಲಲ್ಲಿ ಹೆಂಡತಿ ಮೊಮ್ಮಗಳು ಕೂತಿರುವ ಕೋಣೆಗೆ ಯಾವ ಕಳ್ಳ ಬರುತ್ತಾನೆ? ಝೈನಬಕ್ಕ ಕನ್ನಡದಲ್ಲಿ "ಆಯಿತು" ಎಂದರಂತೆ, ಅಷ್ಟೆ.

ಅಲ್ಲಿಂದ ಶುಕೂರಾಕ ವ್ಯಾಪಾರ ಬಿಟ್ಟರು. ಕುಕ್ಕರಿನ ಡಬ್ಬಕ್ಕೆ ಮೊಬೈಲ್ ಒರಗಿಸಿಟ್ಟು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುವುದೇ ಕೆಲಸ. ಗಿರಾಕಿ ಬಂದರೆ "ಅಲ್ಲಿ ಉಂಟು ನೋಡಿ" ಎಂದು ಕೈ ತೋರಿಸುವುದು. ಝೈನಬಕ್ಕನ ಕಳ್ಳತನ ಮಾತ್ರ ಸಿಗಲಿಲ್ಲ. ಸಿಗದಿದ್ದರೆ ಸಂಶಯ ಕಡಿಮೆಯಾಗಬೇಕಲ್ಲ? ಇಲ್ಲ, ಹೆಚ್ಚಾಯಿತು. "ಕ್ಯಾಮೆರಾಕ್ಕೆ ಕೇಳದ ಹಾಗೆ ಪಿಸುಗುಟ್ಟುತ್ತಾಳೆ. ನಿನ್ನ ಕಿವಿ ಚುರುಕು, ಬಾ ಒಮ್ಮೆ," ಎಂದು ಒಂದು ಮಧ್ಯಾಹ್ನ ನನ್ನನ್ನು ಕರೆದರು. ಹೋಗಬಾರದಿತ್ತು. ಆದರೂ ಹೋದೆ. ಅವರ ಹುಚ್ಚು ಅವತ್ತೇ ಬಿಡಿಸಿ ಬರುತ್ತೇನೆಂಬ ಸಿಟ್ಟಿನಲ್ಲಿ ಹೋದೆ.

ಮೊಬೈಲಿನಲ್ಲಿ ಝೈನಬಕ್ಕ ನೆಲದ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ತುಟಿ ಬಿಗಿದುಕೊಂಡಿತ್ತು. ಸ್ವಲ್ಪ ದೂರದಲ್ಲಿ ಉಝ್ಮಾ ಮುಚ್ಚಳ ತಿರುಗಿಸುತ್ತಿದ್ದಳು. ಮುಚ್ಚಳದ ಸದ್ದು ಬಿಟ್ಟರೆ ಆ ಕೋಣೆಯಲ್ಲಿ ಬೇರೆ ಸದ್ದಿಲ್ಲ. ಮುಚ್ಚಳ ನಿಧಾನವಾಗಿ ಬಿದ್ದು ನಿಂತಿತು. ಈ ಸಲ ಅವಳು ಅದನ್ನು ಮತ್ತೆ ತಿರುಗಿಸಲಿಲ್ಲ. ಎದ್ದು ಅಜ್ಜಿಯ ಹತ್ತಿರ ಬಂದು, ಮಡಿಲಿಗೆ ಬೆನ್ನು ಒತ್ತಿ ಕೂತು, ಕೈ ಹಿಂದಕ್ಕೆ ಚಾಚಿ ಗಂಟಲ ಮೇಲೆ ಅಂಗೈ ಇಟ್ಟಳು. ಕಾದಳು.

ಝೈನಬಕ್ಕ ಬೆಳ್ಳುಳ್ಳಿ ಸುಲಿಯುತ್ತಲೇ ಇದ್ದರು.

ಮಗು ತಿರುಗಿ ಮೊಣಕಾಲೂರಿ ನಿಂತಿತು. ಎರಡೂ ಕೈಯಿಂದ ಅಜ್ಜಿಯ ಕೆಳತುಟಿ ಹಿಡಿದು ಕೆಳಗೆ ಎಳೆಯಿತು. ನಳ್ಳಿಯಲ್ಲಿ ನೀರು ಬಾರದಿದ್ದರೆ ನಾವು ಬಗ್ಗಿ ನೋಡುವುದಿಲ್ಲವೇ, ಹಾಗೆ ಬಾಯಿಯೊಳಗೆ ಬಗ್ಗಿ ನೋಡಿತು. ಝೈನಬಕ್ಕ ಕಣ್ಣೆತ್ತಿ ನೇರ ಕ್ಯಾಮೆರಾ ಕಡೆ ನೋಡಿದರು. ಮಗುವಿನ ಬೆರಳು ಬಿಡಿಸಿ, ಬಾಯಿ ಮುಚ್ಚಿ, ಇಲ್ಲ ಎಂದು ತಲೆ ಆಡಿಸಿದರು. ಮಗು ಮತ್ತೆ ತುಟಿ ಎಳೆಯಿತು. ಮತ್ತೆ ತಲೆ ಆಡಿಸಿದರು. ಅವರ ಕೆನ್ನೆ ಒದ್ದೆಯಾಗಿದ್ದದ್ದು ಆ ಸಣ್ಣ ಪರದೆಯಲ್ಲೂ ಕಾಣುತ್ತಿತ್ತು. ಆಮೇಲೆ ಮಗು ಒಮ್ಮೆ ಜೋರಾಗಿ ಕಿರುಚಿ, ತನ್ನ ಮಣಿಕಟ್ಟನ್ನು ಬಾಯಿಗೆ ಇಟ್ಟುಕೊಂಡು ಕಚ್ಚಿತು.

ಅಯ್ಯೋ ದೇವರೇ! ಮಾತಿಲ್ಲದ ಮಗು ಎಂದು ಯಾರು ಹೇಳಿದ್ದು? ಇದಕ್ಕಿಂತ ಸ್ಪಷ್ಟವಾಗಿ ಇನ್ನು ಹೇಗೆ ಕೇಳಬೇಕು ಅದು?

ಶುಕೂರಾಕ ತಡಕಾಡಿ ಮೊಬೈಲಿನ ಮೈಕಿನ ಗುರುತು ಒತ್ತಿ, ಬ್ಯಾರಿಯಲ್ಲಿ ಕೂಗಿದರು. ನನಗೂ ಅರ್ಥವಾಯಿತು. "ಝೈನಬಾ, ಮಾತಾಡು. ಮಗುವಿನ ಹತ್ತಿರ ಮಾತಾಡು. ನಮ್ಮ ಭಾಷೆಯಲ್ಲೇ ಮಾತಾಡು."

ಕಪಾಟಿನ ಮೇಲಿಂದ ಗಂಡನ ಧ್ವನಿ ಬಂದದ್ದೇ ಝೈನಬಕ್ಕ ಬೆಚ್ಚಿ ಎದ್ದು ನಿಂತರು. ಬೆಳ್ಳುಳ್ಳಿ ಚೆಲ್ಲಿತು. ಮಗುವನ್ನು ಸೊಂಟಕ್ಕೆ ಅವಚಿಕೊಂಡು, ಮೇಲೆ ನೋಡುತ್ತ, ಆಸ್ಪತ್ರೆಯಲ್ಲಿ ಮಾತಾಡುವ ಹಾಗೆ ಒಂದೊಂದೇ ಶಬ್ದ ಹುಡುಕಿ ಕನ್ನಡದಲ್ಲಿ ಹೇಳಿದರು.

"ನಾನು ಮಾತಾಡಲಿಲ್ಲ. ಒಂದು ಶಬ್ದವೂ ಮಾತಾಡಲಿಲ್ಲ. ನೀವೇ ನೋಡಿದ್ದೀರಿ."

ಶುಕೂರಾಕ ಮೊಬೈಲನ್ನು ಡಬ್ಬದ ಮೇಲೆಯೇ ಬಿಟ್ಟು ಎದ್ದರು. ಅಂಗಡಿಯಲ್ಲಿ ಗಿರಾಕಿ ನಿಂತಿದ್ದ, ಗಲ್ಲಾಪೆಟ್ಟಿಗೆ ತೆರೆದೇ ಇತ್ತು. ಅಂಗಡಿ ನೋಡಿಕೋ ಎಂದು ನನಗೆ ಹೇಳಲೂ ಇಲ್ಲ. ರಸ್ತೆ ದಾಟಿ ಒಂದು ರಿಕ್ಷಾ ಹತ್ತಿ ಹೋಗಿಬಿಟ್ಟರು. ನಾನೇ ಗಿರಾಕಿಗೆ ಒಂದು ಬೋಗುಣಿ ಮಾರಿ, ಶಟರ್ ಎಳೆದು, ಬೀಗ ಹಾಕಿದೆ.

ಸಂಜೆ ಬೀಗದ ಕೈ ಕೊಡಲು ಅವರ ಮನೆಗೆ ಹೋದೆ. ಕ್ಯಾಮೆರಾ ಅಂಗಳದ ಕಸದ ಬುಟ್ಟಿಯಲ್ಲಿ ವೈರಿನ ಸಮೇತ ಬಿದ್ದಿತ್ತು. ನಡುಕೋಣೆಯಲ್ಲಿ ಝೈನಬಕ್ಕ ಮಾತಾಡುತ್ತಿದ್ದರು. ಅಬ್ಬಬ್ಬಾ, ಏನು ಮಾತು! ಇಷ್ಟು ದಿನದ ಬಾಕಿಯೆಲ್ಲ ಒಟ್ಟಿಗೆ ಬರುತ್ತಿತ್ತು. ಬೆಳ್ಳುಳ್ಳಿ ಚೆಲ್ಲಿದ ಕತೆ, ಮೀನಿನವಳು ಮೋಸ ಮಾಡಿದ ಕತೆ, ನಡುವೆ ನನ್ನ ಹೆಂಡತಿಯ ಹೆಸರೂ ಒಮ್ಮೆ ಕೇಳಿತು. ಉಝ್ಮಾ ಬೆನ್ನು ಒತ್ತಿ ಕೂತಿದ್ದಳು, ಅಂಗೈ ಅಜ್ಜಿಯ ಗಂಟಲ ಮೇಲೆ. ಹಾಡಿನ ಕೊನೆಯ ಶಬ್ದ ವಾಪಸು ಬಂದಿರಲಿಲ್ಲ. ಅದು ಬರಲು ಎಷ್ಟು ದಿನ ಬೇಕೋ, ಬರುತ್ತದೋ ಇಲ್ಲವೋ ಯಾರಿಗೆ ಗೊತ್ತು. ಆದರೆ ಅಜ್ಜಿ ಉಸಿರೆಳೆಯಲು ಒಮ್ಮೆ ನಿಲ್ಲಿಸಿದರೆ ಆ ಪುಟ್ಟ ಕೈ ಗಂಟಲನ್ನು ಒತ್ತುತ್ತಿತ್ತು.

ಶುಕೂರಾಕ ಹೊಸ್ತಿಲಲ್ಲಿ ಕೂತಿದ್ದರು. ಬೀಗದ ಕೈ, ಮೊಬೈಲ್ ಕೊಟ್ಟೆ. ಜಗ್ಗಿ ನೋಡಿದೆಯಾ ಎಂದು ಕೇಳಲಿಲ್ಲ.

"ಫರ್ಹಾನಳ ಫೋನಿನಿಂದ ಶುಭಶ್ರೀ ಮೇಡಂಗೆ ಮಾಡಿ ಹೇಳಿದೆ," ಎಂದರು. "ಆ ಹುಡುಗಿ ಬೈಯಲೂ ಇಲ್ಲ ಮಾರಾಯ. ಬೈದಿದ್ರೆ ಆಗ್ತಿತ್ತು." ಒಳಗಿನ ಕಡೆ ನೋಡಿ ದನಿ ತಗ್ಗಿಸಿ, "ಝೈನಬನ ಹತ್ತಿರ ತಪ್ಪಾಯ್ತು ಅಂದೆ," ಎಂದರು.

"ಎಂತ ಹೇಳಿದ್ರು?"

ಅಷ್ಟರಲ್ಲಿ ಒಳಗೆ ಬ್ಯಾರಿಯ ಹೊಳೆ ನಿಂತಿತು. ಝೈನಬಕ್ಕ ಮಗುವನ್ನು ಎತ್ತಿಕೊಂಡು ಬಾಗಿಲಿಗೆ ಬಂದರು. ನನಗೆ ತುಳುವಿನಲ್ಲಿ, "ಕೂತುಕೊಳ್ಳಿ ಕಮಲಾಕ್ಷಣ್ಣ, ಚಾ ಕುಡಿದು ಹೋಗಿ," ಎಂದು ಎಂದಿನ ನಗುಮುಖದಲ್ಲಿ ಹೇಳಿದರು. ಆಮೇಲೆ ಗಂಡನ ಕಡೆ ತಿರುಗಿದರು. ಮುಖದಲ್ಲಿ ನಗುವಿರಲಿಲ್ಲ.

"ಚಹಾ ತಯಾರಾಗಿದೆ," ಎಂದರು, ಶುದ್ಧ ಕನ್ನಡದಲ್ಲಿ, ಒಂದೊಂದೇ ಅಕ್ಷರ ಒತ್ತಿ. "ಒಳಗೆ ಬನ್ನಿರಿ. ಕೈ ತೊಳೆದುಕೊಳ್ಳಿರಿ."

ಶುಕೂರಾಕ ನನ್ನ ಮುಖ ನೋಡಿದರು. ನಾನು ಕೆಳಗೆ ನೋಡಿದೆ. ಅವರು ಮೆಲ್ಲನೆ ಎದ್ದು ಕೈ ತೊಳೆಯಲು ಹೋದರು.

ಇದಾಗಿ ಎರಡು ತಿಂಗಳಾಯಿತು. ಉಝ್ಮಾಳ ಮಣಿಕಟ್ಟಿನ ಹುಣ್ಣು ವಾಸಿಯಾಗಿದೆ. ಝೈನಬಕ್ಕ ಗಂಡನ ಹತ್ತಿರ ಇನ್ನೂ ಕನ್ನಡದಲ್ಲೇ ಮಾತಾಡುತ್ತಾರೆ.